ದಕ್ಷಿಣದಿಂದ ಬಂದ ದಂಡು

ಇಡೀ ಕಾಲೇಜಿಗೆ ಇದ್ದದ್ದು ಒಂದೇ ಒಂದು ನಕ್ಷೆ. ಬಟ್ಟೆಗೆ ಅಂಟಿಸಿದ್ದು, ಮೇಲೂ ಕೆಳಗೂ ಕರಿ ಕೋಲು, ನೆಲದ ಏರಿಳಿತಕ್ಕೆ ತಕ್ಕಂತೆ ಹಸಿರು, ಹಳದಿ, ಕಂದು. ಸ್ಟಾಫ್ ರೂಮಿನ ಬಾಗಿಲ ಹಿಂದಿನ ಮೊಳೆಗೆ ಅದನ್ನು ಸುರುಳಿ ಸುತ್ತಿ ನೇತುಹಾಕುತ್ತಿದ್ದರು. ಇತಿಹಾಸದವರು ಮೊದಲು ಬಂದರೆ ಇತಿಹಾಸಕ್ಕೆ, ಭೂಗೋಳದವರು ಮೊದಲು ಬಂದರೆ ಭೂಗೋಳಕ್ಕೆ.

ಆ ಸೋಮವಾರ ಪುರವರದ ಬಸ್ಸು ತಡವಾಯಿತು. ಇತಿಹಾಸದ ಮೇಡಂ ಗಂಗಾಂಬಿಕಾ ಮಧುಗಿರಿಯ ಬಸ್ ಸ್ಟ್ಯಾಂಡಿನಿಂದ ಓಡೋಡಿ ಬಂದಾಗ ಮೊಳೆ ಬರಿದಾಗಿತ್ತು.

"ಆ ಸಿರಾದ ಮೇಷ್ಟ್ರು ಎತ್ಕೊಂಡೋದ್ರು ಕಣಮ್ಮ," ಎಂದಳು ಅಟೆಂಡರ್ ಚಿಕ್ಕಹನುಮಕ್ಕ, ಕಸಪೊರಕೆಗೆ ಗದ್ದ ಊರಿ. "ನಗ್ತಾ ನಗ್ತಾನೇ ಎತ್ಕೊಂಡೋದ್ರು. ಓಗಿ ಕಿತ್ಕೊಂಡು ಬಾ, ಬುಡಬ್ಯಾಡ!"

ಕಿತ್ತುಕೊಂಡು ಬರುವುದಂತೆ! ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ 'ಸಾರಿ' ಎನ್ನುವ ಹುಡುಗಿ ಅವಳು. ಕ್ಲಾಸಿನಲ್ಲಿ ನಿಂತು ರಾಜರ ಮಾತು ಹೇಳು ಎಂದರೆ ಗಂಟೆಗಟ್ಟಲೆ ಹೇಳುತ್ತಾಳೆ. ತನ್ನದೊಂದು ಮಾತು ಹೇಳಬೇಕಾದರೆ ಮಾತ್ರ ಗಂಟಲಲ್ಲಿ ಯಾರೋ ಬಾಗಿಲು ಹಾಕಿ ಅಗಳಿ ಇಟ್ಟಂತೆ.

ಆದರೂ ಹೋದಳು. ಭೂಗೋಳದ ಕ್ಲಾಸಿನ ಬಾಗಿಲಲ್ಲಿ ನಿಂತವಳಿಗೆ ಮೈ ಉರಿಯಿತು. ಅವಳ ನಕ್ಷೆ ತಲೆಕೆಳಗಾಗಿ ನೇತಾಡುತ್ತಿತ್ತು. ಚಾಮರಾಜನಗರ ಮೇಲೆ, ಬೀದರ್ ಕೆಳಗೆ.

"ಸರ್... ಅದು... ಉಲ್ಟಾ..."

ಅಂಜನ್ ಕುಮಾರ್ ತಿರುಗಿದ. ತೋಳು ಮಡಚಿದ ನೀಲಿ ಅಂಗಿ, ಕೈಯಲ್ಲಿ ಸ್ಕೇಲು, ತುಟಿಯ ಒಂದು ಮೂಲೆಯಲ್ಲಿ ಯಾವಾಗಲೂ ತಯಾರಾಗಿ ನಿಂತಿರುವ ನಗು.

"ಬನ್ನಿ ಮೇಡಂ, ಸರಿಯಾದ ಟೈಮಿಗೆ ಬಂದ್ರಿ. ನೀವೇ ಹೇಳಿ, ಉತ್ತರದಿಂದ ದಂಡೆತ್ತಿ ಬರೋನಿಗೆ ಮೊದಲು ಸಿಗೋದೇನು?"

"ಬಯಲು," ಎಂದಳು ನೆಲ ನೋಡುತ್ತ.

"ಯಾವ ಬಯಲು?"

"ಶಿರಾ."

"ಆಮೇಲೆ?"

"ಬೆಟ್ಟ."

"ನೋಡ್ರಪ್ಪಾ! ಅವನು ಮುಖ ಮಾಡಿರೋ ದಿಕ್ಕು ಮೇಲಿರಬೇಕು, ಆಗ ಅವನ ಕಣ್ಣಲ್ಲಿ ಈ ನಾಡು ಹೆಂಗೆ ಕಾಣ್ತು ಅಂತ ಗೊತ್ತಾಗುತ್ತೆ. ಕುದುರೆ ಇದ್ದೋರು ಶಿರಾದಲ್ಲಿ ನಿಂತ್ರು. ಸಪಾಟು ನೆಲ, ದೊಡ್ಡ ಕೆರೆ, ಮೇವು. ಕುದುರೆ ಇಲ್ಲದೋರು ಮಧುಗಿರಿ ಬಂಡೆ ಹತ್ತಿ ಕೂತ್ರು. ಇತಿಹಾಸದ ಮೇಡಮ್ಮೋರು ಯಾವಾಗಲೂ ಕೋಟೆ ಒಳಗಿಂದ ನೋಡ್ತಾರೆ. ನಾವು ಶಿರಾದೋರು, ಹೊರಗಿಂದ ಬರೋರು."

ಹುಡುಗರು ಓಹೋ ಎಂದರು. ಗಂಗಾಂಬಿಕಾಳ ಕಿವಿಯ ತುದಿ ಕೆಂಪಾಯಿತು. ನಕ್ಷೆ ಕೊಡಿ ಎಂಬ ಎರಡೇ ಮಾತು ಬಾಯಿಗೆ ಬರಲಿಲ್ಲ. ವಾಪಸು ಹೋಗಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಕರ್ನಾಟಕ ಬರೆದಳು. ಸಿಟ್ಟಿಗೆ ಸೀಮೆಸುಣ್ಣ ಕಾರವಾರದ ಹತ್ತಿರ ಪಟ್ಟೆಂದು ಮುರಿಯಿತು.

ಮಧ್ಯಾಹ್ನ ಅವನೇ ನಕ್ಷೆ ಹೊತ್ತು ಬಂದ. ಜೊತೆಗೆ ಪೇಪರಿನಲ್ಲಿ ಕಟ್ಟಿದ ಬೇಯಿಸಿದ ಕಡಲೆಕಾಯಿ.

"ತಪ್ಪಾಯ್ತು ಮೇಡಂ. ದಂಡ ಕಟ್ಟೋಕೆ ಬಂದಿದ್ದೀನಿ."

ಅವಳು ಒಂದು ಕಾಯಿ ಬಿಡಿಸಿದಳು.

"ನಂಗೊಂದು ಡೌಟು," ಎಂದ ಅವನು ಎದುರಿನ ಕುರ್ಚಿ ಎಳೆದುಕೊಂಡು. "ನಿಮ್ಮ ನೊಳಂಬರು ಯಾಕೆ ಬಯಲಲ್ಲಿ ಹೋಗಿ ರಾಜಧಾನಿ ಹೆಂಜೇರು ಕಟ್ಟಿದ್ರು? ನಿಡುಗಲ್ಲಿನಂಥ ಬೆಟ್ಟ ಕಣ್ಮುಂದೆ ಇತ್ತಲ್ಲ, ಹತ್ತಿ ಕೂತ್ಕೋಬಹುದಿತ್ತು."

ಗಂಗಾಂಬಿಕಾ ತಲೆ ಎತ್ತಿದಳು. ನೊಳಂಬರ ವಿಷಯ ಬಂದರೆ ಅಗಳಿ ತಾನಾಗಿ ಜಾರುತ್ತಿತ್ತು. "ಬೆಟ್ಟದ ಮೇಲೆ ರಾಗಿ ಬೆಳೆಯುತ್ತಾ ಸರ್? ದೊಡ್ಡ ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡೋರು ಅವರು. ದಾರಿ ಮೇಲೆ ಕೂತ್ರು. ಹೋಗಿ ಬರೋರೆಲ್ಲ ಅವರ ಬಾಗಿಲು ತಟ್ಟಲೇಬೇಕು. ಏಟೂ ಅವರಿಗೇ ಮೊದಲು. ಗಂಗರ ದೊರೆ 'ನೊಳಂಬಕುಲಾಂತಕ' ಅಂತಲೇ ಬಿರುದು ಹಾಕ್ಕೊಂಡ."

"ಅಯ್ಯೋ ಪಾಪ."

"ಪಾಪ ಏನಲ್ಲ. ಬೆಟ್ಟ ಹತ್ತಿ ಕೂರೋದು ಸುಲಭ. ಬಯಲಲ್ಲಿ ನಿಲ್ಲೋಕೆ ಧೈರ್ಯ ಬೇಕು."

ಹೇಳಿ ಮುಗಿಸಿದ ಮೇಲೆ ತಾನೇ ಇಷ್ಟು ಮಾತಾಡಿದ್ದು ಎಂದು ಅವಳಿಗೆ ಗಾಬರಿಯಾಯಿತು. ಅವನು ನಗುತ್ತಿರಲಿಲ್ಲ. ಬಿಡಿಸಿದ ಕಡಲೆಕಾಯಿ ಕೈಯಲ್ಲೇ ಇಟ್ಟುಕೊಂಡು ಅವಳನ್ನು ನೋಡುತ್ತಿದ್ದ, ಹೊಸ ಊರಿಗೆ ಬಂದವನು ಮೊದಲ ಸಲ ಸುತ್ತಲೂ ನೋಡುವ ಹಾಗೆ.

ಅಂದಿನಿಂದ ನಕ್ಷೆಯ ಜಗಳ ದಿನದ ಮಾತಾಯಿತು. ಅವಳು ಮುಂಚಿನ ಬಸ್ಸು ಹಿಡಿಯತೊಡಗಿದಳು. ಅವನೂ ಶಿರಾದಿಂದ ಮುಂಚೆಯೇ ಬರತೊಡಗಿದ. ಕೊನೆಗೆ ಇಬ್ಬರೂ ಕಾಲೇಜಿನ ಗೇಟು ತೆರೆಯುವ ಮೊದಲೇ ಬಂದು, ಚಿಕ್ಕಹನುಮಕ್ಕ ಬೀಗದ ಕೈ ತರುವವರೆಗೆ ಬೇವಿನ ಮರದ ಕೆಳಗೆ ಕಾಯುವಂತಾಯಿತು.

"ಏನ್ ಜನವೋ!" ಎನ್ನುತ್ತಿದ್ದಳು ಚಿಕ್ಕಹನುಮಕ್ಕ. "ಒಂದು ನಕ್ಸೆಗೆ ಇಂಗೆ ಕಿತ್ತಾಡೋರು, ನಾಳಿಕ್ಕೆ ಒಂದು ಮನೆ ಕೊಟ್ರೆ ಏನ್ ಮಾಡೀರಿ?"

ಅಂಜನ್ ಗಟ್ಟಿಯಾಗಿ ನಗುತ್ತಿದ್ದ. ಗಂಗಾಂಬಿಕಾ ಬ್ಯಾಗಿನಲ್ಲಿ ಇಲ್ಲದ ಪೆನ್ನು ಹುಡುಕುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸಿಲೆಬಸ್ಸಿಗೆ ಹೊಸ ಪೇಪರ್ ಸೇರುವ ಸುದ್ದಿ ಬಂತು. 'ಪ್ರಾಚೀನ ರಾಜ್ಯಗಳ ಯುದ್ಧತಂತ್ರ ಮತ್ತು ಭೂಗೋಳ.' ಹೆಸರು ಕೇಳಿದರೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಯಾರೋ ಇಟ್ಟಂತಿತ್ತು. ಇಬ್ಬರೂ ಖುಷಿಪಟ್ಟರು. ಆ ಖುಷಿಯಲ್ಲೇ ಹುಡುಗರನ್ನು ಕರೆದುಕೊಂಡು ಮಧುಗಿರಿ ಬೆಟ್ಟ ಹತ್ತಿದರು.

ಹುಡುಗರು ಮುಂದೆ ಹೋಗಿಬಿಟ್ಟಿದ್ದರು. ಒಂದೇ ಬಂಡೆಯ ಬೆಟ್ಟ, ಕಡಿದಾದ ಕಡೆ ಬಂಡೆಯಲ್ಲೇ ಕೊರೆದ ಕಿರಿದಾದ ಮೆಟ್ಟಿಲು, ಪಕ್ಕಕ್ಕೊಂದು ಕಂಬಿ. ಗಾಳಿ ಅವಳ ದುಪಟ್ಟವನ್ನು ಕೆಳಗಿನ ಊರಿಗೆ ತೋರಿಸಲು ಹೊರಟಿತ್ತು.

"ಇಲ್ಲಿಗೆ ಆನೆ ಬರಲ್ಲ, ಕುದುರೆ ಬರಲ್ಲ," ಎಂದ ಅಂಜನ್ ಏದುಸಿರಿನಲ್ಲಿ. "ಒಬ್ಬರ ಹಿಂದೆ ಒಬ್ಬರೇ ಬರಬೇಕು. ಮೇಲಿರೋನು ಒಂದು ಕಲ್ಲು ಉರುಳಿಸಿದ್ರೂ ಸಾಕು. ಇಂಥ ಕೋಟೆ ಹೆಂಗೆ ಗೆಲ್ತಾರೆ ಮೇಡಂ?"

ಅವಳು ಬಂಡೆಯ ತಗ್ಗಿನಲ್ಲಿ ನಿಂತ ಹಸಿರು ನೀರನ್ನು ತೋರಿಸಿದಳು. "ಗೆಲ್ಲೋದಿಲ್ಲ. ಕಾಯ್ತಾರೆ. ಈ ದೊಣೆ ಬತ್ತೋವರೆಗೆ. ಇಂಥ ಕೋಟೆ ಹೊರಗಿನ ಏಟಿಗೆ ಬೀಳಲ್ಲ ಸರ್, ಒಳಗಿನ ನೀರಡಿಕೆಗೆ ಬೀಳುತ್ತೆ."

"ಹಂಗಾದ್ರೆ ಕೆಳಗಿರೋನಿಗೆ ತಾಳ್ಮೆ ಇರಬೇಕು."

"ಹೂಂ."

"ಎಷ್ಟು ದಿನ?" ಎಂದು ಅವನು ಕೇಳಿದ. ಪ್ರಶ್ನೆ ದೊಣೆಯ ಬಗ್ಗೆ ಇರಲಿಲ್ಲ. ಒಂದು ಮೆಟ್ಟಿಲು ಮೇಲೆ ನಿಂತು ಕೈ ಚಾಚಿದ.

ಅವಳು ಆ ಕೈಯನ್ನು ನೋಡಿದಳು. ಬೆರಳುಗಳ ಮೇಲೆ ಸೀಮೆಸುಣ್ಣದ ಪುಡಿ ಇನ್ನೂ ಇತ್ತು. ಹಿಡಿಯಬೇಕು, ಹಿಡಿಯುತ್ತೇನೆ ಎಂದುಕೊಂಡಳು. ಮತ್ತೆ ಕಂಬಿ ಹಿಡಿದು ತಾನೇ ಹತ್ತಿದಳು.

ಆ ರಾತ್ರಿ ಊಟದ ಹೊತ್ತಿಗೆ ಮುದ್ದೆ ಮುರಿಯುತ್ತ ತನ್ನ ಬಲಗೈಯನ್ನೇ ನೋಡುತ್ತ ಕೂತಳು. "ಯಾಕವ್ವಾ, ಕೈ ಸುಟ್ಕಂಡ್ಯಾ?" ಎಂದಳು ತಾಯಿ ರಾಮಾಂಜಿನಮ್ಮ. ಸುಟ್ಟುಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ಹೊಸ ಪೇಪರಿನ ಜೊತೆ ಹೊಸ ತಲೆನೋವೂ ಬಂದಿತ್ತು. ಇಬ್ಬರೂ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ. ವರ್ಕ್‌ಲೋಡ್ ಇದ್ದರೆ ಇರು, ಇಲ್ಲದಿದ್ದರೆ ಬೇರೆ ಊರು ನೋಡಿಕೋ ಎಂಬ ಬಾಳು. ಈ ವರ್ಷ ಇತಿಹಾಸಕ್ಕೂ ಕ್ಲಾಸು ಕಡಿಮೆ, ಭೂಗೋಳಕ್ಕೂ ಕಡಿಮೆ. ಹೊಸ ಪೇಪರ್ ಯಾರ ಪಾಲಿಗೆ ಬೀಳುತ್ತದೋ ಅವರು ಮಧುಗಿರಿಯಲ್ಲಿ ಉಳಿಯುತ್ತಾರೆ. ಇನ್ನೊಬ್ಬರು ಜಾಗ ಖಾಲಿಯಿರುವ ಪಾವಗಡಕ್ಕೆ.

ಗಂಗಾಂಬಿಕಾ ಒಂದು ಉಪಾಯ ಹುಡುಕಿದ್ದಳು. ಪೇಪರನ್ನು ಅರ್ಧರ್ಧ ಮಾಡುವುದು. ಇಬ್ಬರಿಗೂ ತುಸು ಕಮ್ಮಿಯಾಗುತ್ತದೆ, ಆದರೆ ಇಬ್ಬರೂ ಉಳಿಯುತ್ತಾರೆ. 'ಸರ್, ನಾವಿಬ್ರೂ ಹಂಚ್ಕೊಂಡು ಮಾಡ್ತೀವಿ.' ಬಸ್ಸಿನ ಕಿಟಕಿಗೆ ಹೇಳಿ ನೋಡಿದಳು, ಕನ್ನಡಿಗೆ ಹೇಳಿ ನೋಡಿದಳು, ಹಟ್ಟಿಯ ಕುರಿಗಳಿಗೂ ಹೇಳಿ ನೋಡಿದಳು. ಕುರಿಗಳು ಒಪ್ಪಿದವು.

ಪ್ರಿನ್ಸಿಪಾಲರಾದ ರಂಗರಾಜು ಅವರ ರೂಮಿನಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. "ಏನಪ್ಪಾ, ಈ ಪೇಪರ್ ಯಾರು ತಗೋತೀರಿ? ನಂಗೆ ಪಂಚಾಯ್ತಿ ಬೇಡ, ನೀವೇ ಹೇಳಿ."

ಅಂಜನ್ ಅವಳ ಕಡೆ ತಿರುಗಿದ. ಮೊದಲು ನೀವು ಎನ್ನುವಂತೆ ಹುಬ್ಬೆತ್ತಿದ.

ಸರ್, ನಾವಿಬ್ರೂ. ಅಷ್ಟೇ, ಮುಂದಿನದು ತಾನಾಗಿ ಬರುತ್ತದೆ. ಆದರೆ 'ನಾವಿಬ್ರೂ' ಎಂಬ ಮಾತು ಈಗ ಬರೀ ಪೇಪರಿನ ಮಾತಾಗಿ ಉಳಿದಿರಲಿಲ್ಲ. ಅದನ್ನು ಹೇಳಿದರೆ ಎಲ್ಲವನ್ನೂ ಹೇಳಿದಂತೆ. ಗಂಟಲಲ್ಲಿ ಅಗಳಿ ಬಿತ್ತು. ಅವಳು ಪ್ರಿನ್ಸಿಪಾಲರ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರನ್ನು ನೋಡುತ್ತ ಕೂತಳು. ನೋಡಿದಳು, ನೋಡುತ್ತಲೇ ಇದ್ದಳು. ಫ್ಯಾನು ಕಿರುಗುಟ್ಟಿತು.

"ಮೇಡಮ್ಮಿಗೇ ಕೊಡಿ ಸರ್," ಎಂದ ಅಂಜನ್. ಅವನ ದನಿಯಲ್ಲಿ ಎಂದಿನ ನಗು ಇರಲಿಲ್ಲ. "ನಾನು ಪಾವಗಡಕ್ಕೆ ಹೋಗ್ತೀನಿ."

"ಭೇಷ್! ಮುಗೀತಲ್ಲ," ಎಂದು ರಂಗರಾಜು ಚಹಾಕ್ಕೆ ಬೆಲ್ ಒತ್ತಿದರು.

ಮುಗಿಯಿತು. ಯುದ್ಧವೇ ನಡೆಯದೆ ಕೋಟೆ ಅವಳ ಕೈಗೆ ಬಂದಿತ್ತು. ಹೊರಗೆ ಬಂದಾಗ ಅವನು, "ಚೆನ್ನಾಗಿ ಪಾಠ ಮಾಡಿ ಮೇಡಂ," ಎಂದ. ಅವಳು, "ಹೂಂ," ಎಂದಳು. ಹೂಂ! ಇಡೀ ಕನ್ನಡ ಭಾಷೆಯಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ ಅಕ್ಷರ.

ಅವನು ಹೋದ ಮೇಲೆ ನಕ್ಷೆ ಪ್ರತಿದಿನ ಮೊಳೆಯಲ್ಲೇ ಇರುತ್ತಿತ್ತು. ಬಸ್ಸು ತಡವಾದರೂ ಇರುತ್ತಿತ್ತು, ಬೇಗ ಬಂದರೂ ಇರುತ್ತಿತ್ತು. ಅದನ್ನು ನೋಡಿದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಅವನ ಮೇಲೆ ಸಿಟ್ಟು: ಒಂದು ಮಾತು ಕೇಳದೆ ದಾನಶೂರನಂತೆ ಬಿಟ್ಟುಕೊಟ್ಟು ಹೋದನಲ್ಲ! ತನ್ನ ಮೇಲೆ ಅದಕ್ಕಿಂತ ಸಿಟ್ಟು. ಕೇಳಿದ್ದನಲ್ಲ, ಹುಬ್ಬೆತ್ತಿ ಕೇಳಿದ್ದನಲ್ಲ.

"ಏನ್ ಗಂಗಾ ಮೇಡಮ್ಮು, ನಕ್ಸೆ ಅಂಗೇ ನೇತಾಡ್ತಾ ಐತೆ," ಎಂದಳು ಚಿಕ್ಕಹನುಮಕ್ಕ. "ಜಗಳಕ್ಕೆ ಜನವಿಲ್ದೆ ಅದಕ್ಕೂ ಬ್ಯಾಸರ ಆಗ್ಬುಟ್ಟೈತೆ."

"ನಿಂಗೆ ಕೆಲಸ ಇಲ್ವಾ ಚಿಕ್ಕಹನುಮಕ್ಕಾ?"

"ನಂಗೈತೆ. ನಿಂಗೇ ಇಲ್ಲ. ಒಂದು ಫೋನ್ ಮಾಡಾಕೆ ಏನಮ್ಮ ನಿಂಗೆ ರೋಗ?"

ಫೋನ್ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅವನಿಂದ ಪಾವಗಡದ ಬೆಟ್ಟದ ಮೇಲಿಂದ ತೆಗೆದ ಒಂದು ಫೋಟೋ ಬರುತ್ತಿತ್ತು. ಕೋಟೆಯ ಗೋಡೆ, ಕೆಳಗೆ ಊರು, ದೂರಕ್ಕೆ ಕಾದ ಬಯಲು. ಅವಳು ಉದ್ದನೆಯದೊಂದು ಉತ್ತರ ಟೈಪ್ ಮಾಡುತ್ತಿದ್ದಳು. ಅಳಿಸುತ್ತಿದ್ದಳು. ಮತ್ತೆ ಟೈಪ್ ಮಾಡಿ ಮತ್ತೆ ಅಳಿಸುತ್ತಿದ್ದಳು. ಕೊನೆಗೆ ಕಳಿಸುತ್ತಿದ್ದದ್ದು, 'ನೈಸ್.'

ಅವಳಿಗೆ ಆ ಫೋನನ್ನು ಪುರವರದ ಕೆರೆಗೆ ಎಸೆಯಬೇಕೆನಿಸುತ್ತಿತ್ತು.

ಹೊಸ ಪೇಪರಿನ ಕ್ಲಾಸಿನಲ್ಲಿ ಒಂದು ದಿನ ಗಿರಿದುರ್ಗದ ಪಾಠ. ಬೆಟ್ಟ ಯಾಕೆ ಹತ್ತುತ್ತಿದ್ದರು, ಬಾಗಿಲುಗಳನ್ನು ಯಾಕೆ ಸೊಟ್ಟಗೆ ಇಡುತ್ತಿದ್ದರು, ದೊಣೆಗಳನ್ನು ಯಾಕೆ ಪ್ರಾಣದಂತೆ ಕಾಯುತ್ತಿದ್ದರು, ಎಲ್ಲ ಹೇಳಿದಳು. ಮುಂದಿನ ಬೆಂಚಿನ ರಕ್ಷಾ ಕೈ ಎತ್ತಿದಳು.

"ಮೇಡಂ, ಕೆಳಗಿರೋನು ಬೇಜಾರಾಗಿ ಎದ್ದು ಹೋಗ್ಬಿಟ್ರೆ?"

"ಹೋದರೆ... ಕೋಟೆ ಉಳೀತು."

"ಮೇಲಿರೋರಿಗೆ ಖುಷೀನಾ ಹಂಗಾದ್ರೆ?"

"ಖುಷಿನೇ ಇರಬೇಕಲ್ಲ."

"ಮತ್ತೆ ನೀವ್ಯಾಕೆ ಇಷ್ಟು ಬೇಜಾರಲ್ಲಿ ಹೇಳ್ತಿದ್ದೀರಾ ಮೇಡಂ?"

ಕ್ಲಾಸು ಘೊಳ್ಳೆಂದಿತು. ಗಂಗಾಂಬಿಕಾ ಕಿಟಕಿಯ ಆಚೆ ನೋಡಿದಳು. ಮಧುಗಿರಿಯ ಬಂಡೆ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು, ಯಾರೂ ಮುತ್ತಿಗೆ ಹಾಕದ ಕೋಟೆಯನ್ನು ತಲೆಯ ಮೇಲೆ ಹೊತ್ತುಕೊಂಡು.

ಭಾನುವಾರ ಬೆಳಿಗ್ಗೆ ಅವಳು ಸೀರೆ ಉಟ್ಟದ್ದನ್ನು ನೋಡಿ ರಾಮಾಂಜಿನಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಭಾನುವಾರಾನೂ ಕಾಲೇಜಾ?"

"ಪಾವಗಡಕ್ಕೆ ಹೋಗ್ತಿದ್ದೀನಮ್ಮ."

"ಅಲ್ಲೇನೈತೆ?"

"ಒಬ್ಬರ ಜೊತೆ ಜಗಳ ಆಡೋದಿದೆ."

ತಾಯಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. ಜಗಳಕ್ಕೆ ಹೋಗುವವರು ಇಷ್ಟು ನೀಟಾಗಿ ಹೂ ಮುಡಿಯುವುದನ್ನು ಅವಳು ಕಂಡಿರಲಿಲ್ಲ. "ಸರಿ, ಆಡ್ಬುಟ್ಟು ಬಾ," ಎಂದಳಷ್ಟೇ. "ಬಾಕಿ ಉಳುಸ್ಕೊಂಡು ಬರಬ್ಯಾಡ."

ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿದಳು. ಮಿಡಿಗೇಶಿಯ ಬೆಟ್ಟ ದಾಟಿತು. ನೆಲ ಕೆಂಪಾಯಿತು, ಮರ ತೆಳುವಾಯಿತು, ಬಸ್ಸಿನೊಳಗಿನ ಮಾತಿಗೆ ತೆಲುಗು ಬೆರೆಯಿತು. ಪಕ್ಕದ ಸೀಟಿನ ಮುದುಕಿ, ಈಶ್ವರಮ್ಮ ಎಂದು ತಾನೇ ಪರಿಚಯ ಹೇಳಿಕೊಂಡವಳು, ಅವಳ ಮೊಣಕೈ ತಿವಿದಳು.

"ಏಮ್ಮಾ, ಶನಿಮಹಾತ್ಮನ ಗುಡಿಗಾ?"

"ಇಲ್ಲಜ್ಜಿ. ಬೆಟ್ಟಕ್ಕೆ."

"ಕೊಂಡಕಾ? ಈ ಎಂಡಲೋನಾ? ಬಿಸಿಲು ಸುಟ್ಟಾಕ್ತದೆ. ಅಲ್ಲಿ ಏಮುಂದಿ? ಬರೀ ಕೋತಿಗಳು!"

"ಒಂದು ಕೋತಿನೇ ನೋಡೋಕೆ ಹೋಗ್ತಿರೋದು," ಎಂದುಬಿಟ್ಟಳು ಗಂಗಾಂಬಿಕಾ. ಈಶ್ವರಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕ ನಗೆಗೆ ಕಂಡಕ್ಟರ್ ತಿರುಗಿ ನೋಡಿದ.

ಬೆಟ್ಟದ ಬುಡದಲ್ಲಿ ನಿಂತು ತಲೆ ಎತ್ತಿದಳು. ಇಷ್ಟು ವರ್ಷ ಕೋಟೆಗಳ ಪಾಠ ಮಾಡಿದ್ದಳು, ದಂಡೆತ್ತಿ ಬಂದವರ ಕಣ್ಣಿನಿಂದ ನೋಡಿರಲಿಲ್ಲ. ಗೋಡೆ ಆಕಾಶಕ್ಕೆ ಅಂಟಿಕೊಂಡಿತ್ತು. ದಾರಿ ಬೇಕೆಂದೇ ಸುತ್ತಿ ಬಳಸಿ ಹೋಗುತ್ತಿತ್ತು. ಒಂದು ಬಾಗಿಲು ಬಂತು, ನೇರ ನುಗ್ಗಲಾಗದಂತೆ ತಿರುವು. ಮತ್ತೊಂದು ಬಾಗಿಲು, ಮತ್ತೊಂದು ತಿರುವು. ಬೆವರು ಕಣ್ಣಿಗಿಳಿಯಿತು. ಚಪ್ಪಲಿ ಕಚ್ಚಿತು. ಇಷ್ಟು ದಿನ ಆ ಮನುಷ್ಯ ಇಂಥ ಏರನ್ನೇ ಹತ್ತುತ್ತಿದ್ದನಲ್ಲ, ನಗುತ್ತ, ಕಡಲೆಕಾಯಿ ಹಿಡಿದುಕೊಂಡು! ಮೇಲೆ ಕೂತವಳು ಒಂದು ಕಿಂಡಿಯನ್ನೂ ತೆರೆಯಲಿಲ್ಲವಲ್ಲ!

ಅವನು ಗೋಡೆಯ ಮೇಲೆ ಕೂತು ಫೋಟೋ ತೆಗೆಯುತ್ತಿದ್ದ. ಅವಳನ್ನು ಕಂಡು ಮೊಬೈಲು ಕೈಯಿಂದ ಜಾರಿ ಮಡಿಲಿಗೆ ಬಿತ್ತು.

"ಗಂಗಾ ಮೇಡಂ! ನೀವಿಲ್ಲಿ? ಒಬ್ಬರೇ ಬಂದ್ರಾ? ಯಾವ ಬಸ್ಸಿಗೆ? ನೀರು ಕುಡೀರಿ ಮೊದಲು, ಈ ಬಿಸಿಲಲ್ಲಿ..."

"ಸರ್, ನಾನು..."

"ನೆರಳಿಗೆ ಬನ್ನಿ. ಹೇಳಿದ್ರೆ ನಾನೇ ಕೆಳಗೆ ಬರ್ತಿದ್ದೆನಲ್ಲ, ನಿಮ್ಮ ಮುಖ ನೋಡಿ ಎಷ್ಟು ಕೆಂಪಾಗಿದೆ, ತಿಂಡಿ ಆಯ್ತಾ..."

"ನಾನು ಹೇಳೋದು..."

"ಅಯ್ಯೋ ಆ ಕೋತಿ, ನಿಮ್ಮ ಬ್ಯಾಗು..."

"ಸುಮ್ನಿರ್ರೀ!"

ಬೆಟ್ಟವೇ ಬೆಚ್ಚಿದಂತಾಯಿತು. ಕೋತಿ ಕೂಡ ಬ್ಯಾಗು ಬಿಟ್ಟು ಹಿಂದೆ ಸರಿಯಿತು. ಆ ದನಿ ಯಾರದೆಂದು ಗಂಗಾಂಬಿಕಾಳೇ ಒಂದು ಕ್ಷಣ ಸುತ್ತ ನೋಡಿದಳು.

"ನಿಮಗೆ ಯಾರು ಹೇಳಿದ್ದು ಬಿಟ್ಟುಕೊಡಿ ಅಂತ? ನಾನು ಕೇಳಿದ್ನಾ? ಅರ್ಧ ಅರ್ಧ ಮಾಡ್ಕೊಳ್ಳೋಣ ಅಂತ ಹೇಳೋಕೆ ಬಂದಿದ್ದೆ. ನಾವಿಬ್ರೂ ಅಂತ ಹೇಳೋಕೆ. ಗಂಟಲು ಕಟ್ಟಿತು. ಅಷ್ಟರೊಳಗೆ ನೀವು ದಾನ ಕೊಟ್ಟು ಎದ್ದು ಹೊರಟ್ರಿ!"

"ನೀವು ಕ್ಯಾಲೆಂಡರ್ ನೋಡ್ತಾ ಕೂತಿದ್ರಿ," ಎಂದ ಅವನು ಮೆಲ್ಲಗೆ. "ಬೆಟ್ಟದ ಮೇಲೆ ಕೈ ಹಿಡೀಲಿಲ್ಲ. ಮೀಟಿಂಗಲ್ಲಿ ಮುಖ ನೋಡಲಿಲ್ಲ. ನಾನು ಹತ್ರ ಇರೋದೇ ನಿಮಗೆ ಕಷ್ಟ ಆಗ್ತಿದೆ ಅಂದ್ಕೊಂಡೆ. ಮುತ್ತಿಗೆ ತೆಗೆದುಬಿಟ್ಟೆ."

"ಭೂಗೋಳ ಓದಿದೋರು ನೀವು! ಮೇಲಿಂದ ಒಣಗಿದ ಹಾಗೆ ಕಂಡ್ರೆ ಕೆಳಗೆ ನೀರೇ ಇಲ್ಲ ಅಂತ ಯಾರ್ರೀ ಹೇಳಿದ್ದು?" ಅವಳ ಕಣ್ಣು ತುಂಬಿತು, ಅದಕ್ಕೂ ಸಿಟ್ಟು ಬಂದು ಸೆರಗಿನಿಂದ ಒರಟಾಗಿ ಒರೆಸಿಕೊಂಡಳು. "ಪ್ರತಿ ಭಾನುವಾರ ನಾನು 'ನೈಸ್' ಅಂತ ಬರೆಯೋಕೆ ಎಷ್ಟು ಹೊತ್ತು ತಗೋತಿದ್ದೆ ಗೊತ್ತಾ? ನಂಗೆ ಆ ಪೇಪರ್ ಬೇಡ, ಆ ನಕ್ಷೆ ಬೇಡ. ದಿನಾ ಬೆಳಿಗ್ಗೆ ಅದನ್ನ ನನ್ನಿಂದ ಕಿತ್ಕೊಳ್ಳೋರು ಬೇಕು. ನೀವೇ ಬೇಕು. ಹೇಳಿದೆ. ಸಾಕಾ?"

ಗಾಳಿ ಬೀಸಿತು. ಕೆಳಗೆ ಊರಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಮಾತಿನ ಮಲ್ಲ ಅಂಜನ್ ಕುಮಾರ್ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಏನೂ ಬರಲಿಲ್ಲ.

"ಏನಾದ್ರೂ ಹೇಳಿ," ಎಂದಳು ಅವಳು, ಈಗ ಹೆದರಿ.

"ಈ ವರ್ಷ ವರ್ಕ್‌ಲೋಡ್ ಬದಲಾಗಲ್ಲ," ಎಂದ ಕೊನೆಗೆ, ಒಡೆದ ದನಿಯಲ್ಲಿ. "ನಾನು ಇಲ್ಲೇ ಇರಬೇಕು."

"ಗೊತ್ತು. ಹಾಳಾಗಿ ಹೋಗ್ಲಿ. ಭಾನುವಾರ ಭಾನುವಾರ ನಾನೇ ಬರ್ತೀನಿ."

"ನಕ್ಷೆ..." ಅವನ ತುಟಿಯ ಮೂಲೆಗೆ ಹಳೆಯ ನಗು ಅಂಜುತ್ತ ಅಂಜುತ್ತ ಬಂದು ನಿಂತಿತು. "ನಕ್ಷೆ ಉಲ್ಟಾ ಹಾಕ್ಕೊಂಡು ನೋಡಿದ್ರಾ ದಾರಿನ?"

"ಯಾಕೆ ಉಲ್ಟಾ? ಪಾವಗಡಕ್ಕೆ ನಾನು ಬರೋದು ದಕ್ಷಿಣದಿಂದ. ನನ್ನ ನಕ್ಷೆ ನೇರವಾಗೇ ಇದೆ."

ಅವನು ಗೋಡೆಯಿಂದ ಇಳಿದ. ಕೈ ಚಾಚಲಿಲ್ಲ, ಅವಳ ಮುಂದೆ ಸುಮ್ಮನೆ ನಿಂತ. ಈ ಸಲ ಕೈ ಚಾಚಿದ್ದು ಅವಳು. ಸೀಮೆಸುಣ್ಣದ ಪುಡಿ ಅಲ್ಲೇ ಇತ್ತು, ಅವನ ಬೆರಳ ಗೆರೆಗಳಲ್ಲಿ. ಇಳಿಯುವಾಗ ಕಡಿದಾದ ಕಡೆಯೂ ಅವಳು ಆ ಕೈ ಬಿಟ್ಟು ಪಕ್ಕದ ಬಂಡೆ ಹಿಡಿಯಲಿಲ್ಲ.

ಸಂಜೆಯ ಬಸ್ಸು ಹೊರಟಾಗ ಅವನು ಕಿಟಕಿಯ ಕೆಳಗೆ ನಿಂತಿದ್ದ. ಏನೋ ಹೇಳಲು ಹೊರಟ, ಡ್ರೈವರ್ ಹಾರನ್ ಒತ್ತಿದ. ಇನ್ನೇನೋ ಹೇಳಿದ, ಕಡಲೆಕಾಯಿ ಮಾರುವವಳು ಅಡ್ಡ ಬಂದಳು. ಬಸ್ಸು ತಿರುಗಿತು. ಇಷ್ಟು ದಿನ ತನಗಾಗುತ್ತಿದ್ದದ್ದು ಇವತ್ತು ಅವನಿಗಾಗುತ್ತಿದೆ ಎಂದು ಗಂಗಾಂಬಿಕಾಗೆ ಕನಿಕರವೂ ಆಯಿತು, ಸ್ವಲ್ಪ ಖುಷಿಯೂ ಆಯಿತು.

ಮಿಡಿಗೇಶಿಯ ಹತ್ತಿರ ಫೋನು ತೆರೆದಳು. ಅವನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಬಂತು. ನಿಂತಿತು. ಮತ್ತೆ ಬಂತು. ಬೆಟ್ಟ ಹಿಂದೆ ಸರಿಯಿತು, ಹೊಲಗಳು ಸರಿದವು, ಮತ್ತೆ ನಿಂತಿತು. ಉದ್ದನೆಯದೇ ಇರಬೇಕು ಎಂದು ಅವಳು ಉಸಿರು ಹಿಡಿದು ಕಾದಳು.

ಮಧುಗಿರಿಯ ಬಂಡೆ ಕಣ್ಣಿಗೆ ಬೀಳುವ ಹೊತ್ತಿಗೆ ಮೆಸೇಜು ಬಂತು.

'ನೈಸ್.'

ಇಡೀ ಬಸ್ಸು ತಿರುಗಿ ನೋಡುವಂತೆ ಅವಳು ನಕ್ಕಳು. ಯಾರಿಗೂ ಸಾರಿ ಹೇಳಲಿಲ್ಲ.